ಕಂಬದ ಭೀಮಸಿ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಬಂದು "ನಮ್ಮ ಮ್ಯಾಚಿನ ಸುದ್ದಿ ನಿನಗ್ಯಾಕ ಬೇಕಿತ್ತು?" ಎಂದು ಕಾಲು ಕೆರೆದು ಜಗಳಕ್ಕೆ ನಿಲ್ಲುತ್ತಾರೆ. ಕಾಗವಾಡಕ್ಕೂ ಮಂಗಸೂಳಿಗೂ ನಡುವೆ, ಸುಗ್ಗಿ ಬಂತೆಂದರೆ ಕಬ್ಬಿನ ಗಾಡಿಗಳ ಕಿರುಗುಟ್ಟುವ ಸದ್ದು ನಿಲ್ಲದ ಒಂದು ಊರು ಎಂದು ತಿಳಿದುಕೊಂಡರೆ ಸಾಕು. ಸುತ್ತಲಿನ ಹಳ್ಳಿಗಳಲ್ಲಿ ಹುಡುಗನ ತೋಳು ದಪ್ಪಗಾದರೆ ಗರಡಿಗೆ ಕಳಿಸುತ್ತಿದ್ದರು. ಈ ಊರಿನಲ್ಲಿ ಮಾತ್ರ ಹುಡುಗನ ಕಾಲು ನೋಡಿ ಹೈಸ್ಕೂಲಿಗೆ ಕಳಿಸುತ್ತಿದ್ದರು. ಓದಲಿಕ್ಕಲ್ಲ, ಫುಟ್‌ಬಾಲ್ ಆಡಲಿಕ್ಕೆ.

ಈ ಹುಚ್ಚು ಹತ್ತಿಸಿದವರು ಡ್ರಿಲ್ ಮಾಸ್ತರ ವಿರುಪಾಕ್ಷಪ್ಪನವರು. ಕೊಲ್ಲಾಪುರಕ್ಕೆ ಕಾಲೇಜು ಓದಲು ಹೋದಾಗ ಅವರಿಗೆ ಅಲ್ಲಿನ ಫುಟ್‌ಬಾಲ್ ಗಾಳಿ ಬಡಿದಿತ್ತು. ಹತ್ತು ಹನ್ನೆರಡು ವರ್ಷ ಅಲ್ಲೇ ಆಡಿ, ಎಪ್ಪತ್ತೊಂದರಲ್ಲಿ ಊರಿಗೆ ಬಂದು ಇಳಿದಾಗ ಅವರ ಹತ್ತಿರ ಒಂದು ಟ್ರಂಕು, ಒಂದು ಸೀಟಿ, ಗಾಳಿ ಹೋದ ಒಂದು ಚೆಂಡು, ಇಷ್ಟೇ ಇದ್ದದ್ದಂತೆ. ಮೊದಲ ಎರಡು ವರ್ಷ ಗೋಲಿಗೆ ಕಂಬವೂ ಇರಲಿಲ್ಲ. ಎರಡು ಕಡೆ ಚಪ್ಪಲಿ ಗುಡ್ಡೆ ಹಾಕಿ ಆಡಿಸಿದರು. ಆಮೇಲೆ ಸಕ್ಕರೆ ಕಾರ್ಖಾನೆಯವರು ಬೇಡವೆಂದು ಒಗೆದ ಕಬ್ಬಿಣದ ಪೈಪು ತಂದು ಹುಗಿಸಿದರು. ಚೆಂಡಿಗೆ ಗಾಳಿ ಹಾಕುವುದು ಸತ್ಯಪ್ಪನ ಸೈಕಲ್ ಅಂಗಡಿಯಲ್ಲಿ. ಸತ್ಯಪ್ಪ ಅದಕ್ಕೆ ಏನೂ ಕೇಳುತ್ತಿರಲಿಲ್ಲ, ಆದರೆ ಮೊದಲ ಒದೆ ಮಾತ್ರ ತನ್ನದೇ ಆಗಬೇಕು ಎನ್ನುತ್ತಿದ್ದ. ಆ ಒದೆಗೆ ಚೆಂಡು ಹೋಗಿ ಪಂಚಾಯತಿ ಮಾಳಿಗೆ ಹತ್ತಿ ಕೂತದ್ದೂ ಉಂಟು. ಇನ್ನು ಬೂಟು ಯಾರಿಗಿತ್ತು? ಕಬ್ಬಿನ ಕೂಳೆ ತುಳಿದು ಬೆಳೆದ ಕಾಲುಗಳಿಗೆ ಬೂಟಿನ ಹಂಗೂ ಇರಲಿಲ್ಲ.

ವರ್ಷಕ್ಕೊಮ್ಮೆ, ಜನವರಿ ಇಪ್ಪತ್ತಾರಕ್ಕೆ, ಝಂಡಾ ಹಾರಿಸಿ ಹುಡುಗರಿಗೆ ಚುರಮುರಿ ಹಂಚಿದ ಮೇಲೆ ಒಂದು ಮ್ಯಾಚು. ಅದಕ್ಕೆ 'ಹಳೇ ಕಾಲು ಹೊಸ ಕಾಲು' ಎಂದು ಹೆಸರು. ಶಾಲೆ ಬಿಟ್ಟು ಹೋದವರು ಒಂದು ಕಡೆ, ಈಗ ಓದುತ್ತಿರುವ ಹುಡುಗರು ಇನ್ನೊಂದು ಕಡೆ. ಮದುವೆಯಾಗಿ ಹೊಟ್ಟೆ ಬಂದವರೂ ಧೋತರ ಕಟ್ಟಿ ಇಳಿಯುತ್ತಿದ್ದರು. ಹೊಳೆವ್ವ ಎಂಬ ಮುದುಕಿಯಂತೂ ಆಟ ನೋಡಲು ಬರುತ್ತಿರಲಿಲ್ಲ, ರೆಫರಿಗೆ ಬೈಯಲಿಕ್ಕೆಂದೇ ಬರುತ್ತಿದ್ದಳು. ಹೆಣ್ಣು ಕೊಡಲು ಬಂದ ಬೀಗರು "ಹುಡುಗ ಏನ ಮಾಡ್ತಾನ?" ಎಂದು ಕೇಳಿದರೆ ಊರವರು "ಲೆಫ್ಟ್ ಔಟ ಆಡ್ತಾನ್ರಿ" ಎಂದು ಹೇಳುತ್ತಿದ್ದರಂತೆ. ನಂಬುವುದು ಬಿಡುವುದು ನಿಮ್ಮ ಖುಷಿ.

ಹದಿಮೂರು ವರ್ಷ ಈ ಮ್ಯಾಚಿಗೆ ತಪ್ಪದೆ ಬಂದು, ಒಮ್ಮೆಯೂ ಆಡದೆ ಹೋದವನು ಭೀಮಸಿ. ಸೈಕಲ್ಲನ್ನು ದೂರದ ಗೋಡೆಗೆ ಆನಿಸಿ, ಅದರ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಕೂಡುತ್ತಿರಲಿಲ್ಲ. ಆಟ ಮುಗಿಯಲು ಇನ್ನೂ ಐದು ನಿಮಿಷ ಇರುವಾಗಲೇ ಸೈಕಲ್ ಹತ್ತಿ ಹೋಗಿಬಿಡುತ್ತಿದ್ದ, ಯಾಕೆಂದರೆ ಮುಗಿದ ಮೇಲೆ ಎಲ್ಲರೂ ವಿರುಪಾಕ್ಷಪ್ಪ ಸರ್ ಕಾಲಿಗೆ ಬೀಳುವ ಪದ್ಧತಿ. ಅವನು ಕೆ.ಇ.ಬಿ.ಯಲ್ಲಿ ಲೈನ್‌ಮನ್. ಊರಲ್ಲೆಲ್ಲ ಅವನಿಗೆ 'ಕಂಬದ ಭೀಮಸಿ' ಎಂದೇ ಹೆಸರು. ದಿನವೂ ಕರೆಂಟಿನ ಕಂಬ ಹತ್ತಿ ಇಳಿಯುವವನಿಗೆ ಇನ್ನೇನು ಹೆಸರು ಇಟ್ಟಾರು ಎಂದು ಹೊಸ ಹುಡುಗರು ತಿಳಿದಿದ್ದರು. ಹೆಸರು ನೌಕರಿಗಿಂತ ಏಳು ವರ್ಷ ಹಳೆಯದು ಎಂಬುದು ಹಳೇ ಕಾಲುಗಳಿಗೆ ಮಾತ್ರ ಗೊತ್ತಿತ್ತು.

ಎಂಬತ್ತಮೂರರಲ್ಲಿ ಭೀಮಸಿ ಹತ್ತನೇ ತರಗತಿಯಲ್ಲಿದ್ದ, ಶಾಲೆಯ ಗೋಲ್‌ಕೀಪರ್. ಕ್ಯಾಪ್ಟನ್ ಅಣ್ಣಾಸಾಬ ಅವನ ಮುಂದೆ ಬ್ಯಾಕ್ ಆಡುತ್ತಿದ್ದ. ಅಣ್ಣಾಸಾಬನದು ದ್ರಾಕ್ಷಿ ತೋಟದ ಮನೆ, ತಾಯಿ ಶಿರೋಳ ಕಡೆಯವಳು, ಮನೆಯಲ್ಲಿ ಅರ್ಧ ಮಾತು ಮರಾಠಿ. ಭೀಮಸಿಯ ಮನೆಯಲ್ಲಿ ನಾಲ್ಕು ಎಮ್ಮೆ, ಇಪ್ಪತ್ತು ಕುರಿ. ಆದರೂ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡುವಷ್ಟು ದೋಸ್ತಿ. ಗೋಲಿನ ಮುಂದೆ ಜನ ಗುಂಪುಗೂಡಿದಾಗ ಕೀಪರಿಗೆ ಚೆಂಡು ಕಾಣುವುದಿಲ್ಲ. ಆಗ ಬ್ಯಾಕ್ ಆಡುವವನೇ ನೋಡಿ ಕೂಗಿ ಹೇಳಬೇಕು. ಅದಕ್ಕೆ ಸರ್ ಮೂರು ಮಾತು ಕಲಿಸಿದ್ದರು. 'ಕಂಬ' ಅಂದರೆ ಹತ್ತಿರದ ಕಂಬಕ್ಕೆ ಹೋಗಿ ಆ ಬದಿ ಮುಚ್ಚಬೇಕು. 'ನಿಲ್ಲ' ಅಂದರೆ ನಡುವೆಯೇ ನಿಲ್ಲಬೇಕು. 'ಬಾ' ಅಂದರೆ ಮುಂದೆ ಹೋಗಿ ಚೆಂಡು ಹಿಡಿಯಬೇಕು.

"ಮೂರ ಮಾತು. ನಾಕನೇದ್ದ ಬಾಯಾಗ ಬಂದ್ರ ಮನಿಗಿ ನಡೀರಿ" ಎನ್ನುತ್ತಿದ್ದರು ಸರ್. ಭೀಮಸಿಗೆ ಬೇರೆಯಾಗಿ ಒಂದು ಮಾತು ಹೇಳಿದ್ದರು: "ಅಂವ ಒದರಿದ ಮ್ಯಾಲ ನೀ ವಿಚಾರ ಮಾಡಬ್ಯಾಡ. ಕಣ್ಣು ಅವಂದು, ಕೈ ನಿಂದು." ಭೀಮಸಿ ಅದನ್ನು ದೇವರ ಮಾತಿನ ಹಾಗೆ ಹಿಡಿದಿದ್ದ.

ಆ ವರ್ಷ ಚಿಕ್ಕೋಡಿಯಲ್ಲಿ ಫೈನಲ್. ರಾಯಬಾಗ, ಅಥಣಿ ಕಡೆಯ ಶಾಲೆಗಳೆಲ್ಲ ಸೋತು ಹೋಗಿ, ಕೊನೆಗೆ ಉಳಿದದ್ದು ಇವರು ಮತ್ತು ನಿಪ್ಪಾಣಿಯ ಒಂದು ತಂಡ. ಊರಿನಿಂದ ಎರಡು ಲಾರಿ ಜನ ಹೋಗಿದ್ದರು. ಹಲಗೆಯ ಸದ್ದು, ಸೀಟಿ, ಕೂಗು. ಪಕ್ಕದಲ್ಲಿದ್ದವನ ಮಾತು ಪಕ್ಕದವನಿಗೆ ಕೇಳದು. ಎರಡೂ ಕಡೆ ಗೋಲಿಲ್ಲದೆ ಆಟ ಕೊನೆಗೆ ಬಂದಿತ್ತು. ಆಗ ನಿಪ್ಪಾಣಿಯವರಿಗೆ ಕಾರ್ನರ್ ಸಿಕ್ಕಿತು. ಗೋಲಿನ ಮುಂದೆ ಜಾತ್ರೆ ನೆರೆದಂತೆ ಕಾಲುಗಳು. ಭೀಮಸಿಗೆ ಚೆಂಡು ಕಾಣಲಿಲ್ಲ. ಅಣ್ಣಾಸಾಬನ ದನಿ ಕೇಳಿಸಿತು: "...ಂಬ!" ಭೀಮಸಿ ಹಾರಿ ಹೋಗಿ ಎಡಗಡೆಯ ಕಂಬಕ್ಕೆ ನಿಂತ. ಚೆಂಡು ಬಲಗಡೆಯ ಖಾಲಿ ಜಾಗದಲ್ಲಿ ಉರುಳಿಕೊಂಡು, ಅವಸರವಿಲ್ಲದೆ, ಒಳಗೆ ಹೋಯಿತು.

ಸೋತು ಹೊರಗೆ ಬಂದಾಗ ಸರ್ ಇಬ್ಬರನ್ನೂ ಎಲ್ಲರ ಮುಂದೆ ನಿಲ್ಲಿಸಿ ಕೇಳಿದರು.

"ಏನ ಒದರಿದಿ ಅಣ್ಣಾಸಾಬ?"

"ನಿಲ್ಲ ಅಂದೆರಿ ಸರ."

"ನಿನಗ ಏನ ಕೇಳಿತೊ?"

"ಕಂಬ ಅಂತ ಕೇಳಿತ್ರಿ" ಎಂದ ಭೀಮಸಿ.

ಯಾರೋ ಕಿಸಕ್ಕನೆ ನಕ್ಕರು. ಎಲ್ಲಿಯ 'ನಿಲ್ಲ', ಎಲ್ಲಿಯ 'ಕಂಬ'? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಲಾರಿಯಲ್ಲಿ ಬಂದ ದೊಡ್ಡವರು ಗೊಣಗಿದರು. ಸರ್ ಒಂದು ಗಳಿಗೆ ಭೀಮಸಿಯ ಮುಖ ನೋಡಿದರು, ಆಮೇಲೆ ಅಣ್ಣಾಸಾಬನ ಮುಖ ನೋಡಿದರು. "ಆತು. ಚೆಂಡಿನ ಗಾಳಿ ತಗೀರಿ" ಎಂದಷ್ಟೇ ಹೇಳಿ ಬಸ್ಸಿನ ಕಡೆ ನಡೆದರು.

ಬಸ್ಸಿನಲ್ಲಿ ಸರ್ ಅಣ್ಣಾಸಾಬನ ಪಕ್ಕ ಕೂತು ಅವನ ಹೆಗಲ ಮೇಲೆ ಕೈ ಹಾಕಿದ್ದರು. ಭೀಮಸಿ ಹಿಂದಿನ ಸೀಟಿನಲ್ಲಿ ಚೆಂಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಜಾಗ ಸಾಲದೆ ಐದಾರು ಹುಡುಗರು ಚಿಕ್ಕೋಡಿಯಿಂದ ಊರಿನವರೆಗೂ ನಿಂತೇ ಬಂದರು, ಅವನ ಪಕ್ಕದ ಸೀಟು ಮಾತ್ರ ಖಾಲಿ ಇತ್ತು. ಹೆದರಿ ಕಂಬ ಹಿಡಿದುಕೊಂಡ ಎಂದು ಮರುದಿನವೇ ಊರೆಲ್ಲ ಸುದ್ದಿ. ವಾರದೊಳಗೆ ಕಂಬ ಹಿಡಿದ ಭೀಮಸಿ, ತಿಂಗಳೊಳಗೆ ಕಂಬದ ಭೀಮಸಿ. ಊರ ಬಾಯಿಗೆ ಬೀಗ ಹಾಕಲು ಯಾರಿಂದ ಆದೀತು? ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಅಡಕೆಯೂ ಅಲ್ಲ, ಒಂದು ಮಾತಿಗೆ ಹೋಯಿತು.

ದೋಸ್ತಿಯೂ ಅಲ್ಲಿಗೇ ನಿಂತಿತು. ಅಣ್ಣಾಸಾಬ ತಪ್ಪು ಕೂಗಿ ಸುಳ್ಳು ಹೇಳಿದ ಎಂದು ಭೀಮಸಿ ತಿಳಿದ. ಭೀಮಸಿ ತಪ್ಪು ಮಾಡಿ ತನ್ನ ತಲೆಗೆ ಕಟ್ಟಲು ನೋಡಿದ ಎಂದು ಅಣ್ಣಾಸಾಬ ತಿಳಿದ. ಅಣ್ಣಾಸಾಬ ಮುಂದೆ ಜಿಲ್ಲಾ ತಂಡಕ್ಕೆ ಎರಡು ವರ್ಷ ಆಡಿದ, ಆಮೇಲೆ ದ್ರಾಕ್ಷಿ ತೋಟ ನೋಡಿಕೊಂಡ. ಭೀಮಸಿ ಐ.ಟಿ.ಐ. ಮುಗಿಸಿ ಕೆ.ಇ.ಬಿ. ಸೇರಿದ. ದಾರಿಯಲ್ಲಿ ಎದುರಾದರೆ "ಆರಾಮ?" "ಆರಾಮ" ಅಷ್ಟೇ.

ಆದರೆ ಅಣ್ಣಾಸಾಬನದು ಹೋಗಲಿ, ಊರಿನದೂ ಹೋಗಲಿ. ಭೀಮಸಿಯ ಎದೆಯಲ್ಲಿ ಮುಳ್ಳಾಗಿ ಕೂತದ್ದು ಸರ್ ಅವರದು. ತಾನು ಹೆದರಲಿಲ್ಲ, ಅವರು ಕಲಿಸಿದ್ದನ್ನೇ ಮಾಡಿದೆ ಎಂದು ಆ ಒಬ್ಬ ಮನುಷ್ಯನಿಗೆ ಗೊತ್ತಾದರೆ ಸಾಕಿತ್ತು. ಕಂಬದ ಮೇಲೆ ಒಬ್ಬನೇ ತಂತಿ ಬಿಗಿಯುವಾಗ ಎಷ್ಟೋ ಸಲ ಅವರ ಜೊತೆ ಮನಸ್ಸಿನಲ್ಲೇ ಮಾತಾಡಿದ್ದ. ಹೀಗಾಯಿತ್ರಿ ಸರ, ಕಂಬ ಅಂತನ ಕೇಳಿತ್ರಿ, ನನ್ನಾಣಿ. ಮೇಲಿನಿಂದ ನೋಡಿದರೆ ಕಬ್ಬು, ಹೊಳೆಯ ದಂಡೆ, ಉಗಾರದ ಕಾರ್ಖಾನೆಯ ಹೊಗೆ, ಎಲ್ಲ ಕಾಣುತ್ತಿತ್ತು. ಮಾತು ಕೇಳುವವರು ಯಾರೂ ಕಾಣುತ್ತಿರಲಿಲ್ಲ.

ತೊಂಬತ್ತೊಂದರಲ್ಲಿ ಮದುವೆಯಾಯಿತು. ಹೆಂಡತಿ ಸುಂದರಾ, ಜುಗೂಳದವಳು. ಊರವರು ಕಂಬದ ಭೀಮಸಿ ಎನ್ನುವುದು ಕೇಳಿ ಅವಳೂ ನೌಕರಿಯ ಹೆಸರು ಎಂದೇ ತಿಳಿದಳು. ಗಂಡನ ಹೆಸರು ಹೇಳಬಾರದಲ್ಲ, ಅದಕ್ಕೆ ಯಾರಾದರೂ ಕೇಳಿದರೆ "ನಮ್ಮ ಕಂಬದವರು ಮನ್ಯಾಗಿಲ್ರಿ" ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಹೊರಗಿನಿಂದ ಬರುವಾಗ ಎಷ್ಟೋ ಸಲ ಅದು ಭೀಮಸಿಯ ಕಿವಿಗೆ ಬಿದ್ದಿತ್ತು. ತಿದ್ದಲಿಲ್ಲ. ತಿದ್ದಬೇಕಾದರೆ ಎಲ್ಲ ಹೇಳಬೇಕಾಗುತ್ತಿತ್ತು.

ತೊಂಬತ್ತಾರರ ಡಿಸೆಂಬರಿನಲ್ಲಿ ಅಣ್ಣಾಸಾಬನ ತೋಟದ ಪಂಪಿನ ಲೈನು ಸುಟ್ಟಿತು. ಆ ಕಡೆಯ ಲೈನ್‌ಮನ್ ರಜೆಯಲ್ಲಿದ್ದ, ಭೀಮಸಿಯೇ ಹೋಗಬೇಕಾಯಿತು. ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಹಿಡಿಕೆ ಕೆಳಗೆ ಎಳೆದು, ಕರೆಂಟು ಬಂದ್ ಮಾಡಿ, ಕಂಬ ಹತ್ತಿದ. ಕೆಳಗೆ ಅಣ್ಣಾಸಾಬ ನಿಂತಿದ್ದ. ಅವನ ತಾಯಿ ಭೀಮಾಬಾಯಿ ನೆರಳಿನಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದಳು. ಹತ್ತಿರದಲ್ಲಿ ಟ್ರ್ಯಾಕ್ಟರ್ ಒಂದು ಗುಡುಗುಡು ಎನ್ನುತ್ತಿತ್ತು.

ಪಕ್ಕದ ಹೊಲದ ಧರೆಪ್ಪನಿಗೆ ಕಬ್ಬು ಒಣಗುತ್ತದೆಂಬ ಚಿಂತೆ. ಕರೆಂಟು ಯಾಕೆ ಹೋಯಿತು ಎಂದು ನೋಡಲು ಬಂದವನು ಕಂಬದ ಕಡೆ ತಲೆ ಎತ್ತಿಯೂ ನೋಡದೆ ಸೀದಾ ಟಿ.ಸಿ.ಗೆ ಹೋಗಿ ಹಿಡಿಕೆಗೆ ಕೈ ಹಾಕಿದ. ಮೇಲೆ ಭೀಮಸಿಯ ಕೈ ತಂತಿಯ ಕಡೆ ಹೋಗುತ್ತಿತ್ತು. ಅಣ್ಣಾಸಾಬ ಅದನ್ನು ನೋಡಿದ. ಎದೆ ಒಡೆದುಹೋಗುವ ಹಾಗೆ ಕೂಗಿದ:

"ಭೀಮ್ಯಾ, ...ಂಬ!"

ಭೀಮಸಿ ಎರಡೂ ಕೈಯಿಂದ ಕಂಬವನ್ನು ಅಪ್ಪಿಕೊಂಡ.

ಅಣ್ಣಾಸಾಬ ಓಡಿಹೋಗಿ ಧರೆಪ್ಪನ ಕೈ ಕಿತ್ತು, ಅವನ ಏಳು ತಲೆಮಾರು ಎಣಿಸಿ ಬೈದು, ಏದುಸಿರು ಬಿಡುತ್ತಾ ವಾಪಸು ಬಂದ. ಭೀಮಸಿ ಇನ್ನೂ ಕಂಬ ಅಪ್ಪಿಕೊಂಡೇ ಇದ್ದ.

"ಇಳಿಲೇ, ಇಳಿ. ಪುಣ್ಯಾ ಇತ್ತು."

"ಈಗ ಏನ ಅಂದಿ?" ಮೇಲಿನಿಂದಲೇ ಕೇಳಿದ ಭೀಮಸಿ.

"ಏನಂದೆ? ನಿಲ್ಲ ಅಂದೆ."

"ನಿಲ್ಲ ಅಂದ್ಯಾ? ನನಗ ಕಂಬ ಅಂತ ಕೇಳಿತು."

ಅಣ್ಣಾಸಾಬನ ಮುಖ ಗಂಟಾಯಿತು. ಹಳೆಯ ಜಗಳ ಮತ್ತೆ ಬಂತಲ್ಲ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಭೀಮಾಬಾಯಿ ಶೇಂಗಾದ ಬುಟ್ಟಿಯಿಂದ ತಲೆ ಎತ್ತಿದಳು.

"ಅರೆ ಬಾಳಾ, ನಿಲ್ಲ ಎಲ್ಲಿ ಅಂದ್ಯೊ? ಥಾಂಬ ಅಂದಿ ನೀ. ನನ್ನ ಕಿವಿ ಇನ್ನೂ ಛಲೋ ಅದಾವ."

ಥಾಂಬ. ಮರಾಠಿಯಲ್ಲಿ ಥಾಂಬ ಅಂದರೂ ನಿಲ್ಲು ಅಂತಲೇ. ಎರಡು ಭಾಷೆಯ ಮನೆಯಲ್ಲಿ ಹುಟ್ಟಿದವನಿಗೆ ಜೀವ ಗಾಬರಿಯಾದಾಗ ಯಾವುದು ಬಾಯಿಗೆ ಬಂತು ಎಂಬುದು ಅವನಿಗೇ ತಿಳಿಯುವುದಿಲ್ಲ. ಅರ್ಥ ನೆನಪಿರುತ್ತದೆ, ಮಾತು ನೆನಪಿರುವುದಿಲ್ಲ. ಅಣ್ಣಾಸಾಬ ಕೆಳಗೆ ನಿಂತು ಮೇಲೆ ನೋಡಿದ, ಭೀಮಸಿ ಮೇಲೆ ಕೂತು ಕೆಳಗೆ ನೋಡಿದ. ಇಬ್ಬರಿಗೂ ಚಿಕ್ಕೋಡಿಯ ಆ ಕಾರ್ನರ್ ಒಟ್ಟಿಗೇ ನೆನಪಾಯಿತು. ಒಬ್ಬನೂ ಸುಳ್ಳು ಹೇಳಿರಲಿಲ್ಲ.

ಭೀಮಸಿ ಇಳಿದು ಬಂದ. ಅಣ್ಣಾಸಾಬ ಅವನ ಕೈ ಹಿಡಿದುಕೊಂಡ.

"ಇಷ್ಟ ವರ್ಷ ನಿನ್ನ ಸುಳ್ಳ ಅಂದ್ಕೊಂಡಿದ್ನೆಲ್ಲೊ."

"ನಾನೂ ನಿನ್ನ ಹಂಗ ಅಂದ್ಕೊಂಡಿದ್ದೆ."

"ಊರಾಗ ಎಲ್ಲಾರ ಮುಂದ ಹೇಳ್ತೀನಿ. ಮೈಕ್ ಹಿಡದ ಹೇಳ್ತೀನಿ."

"ಊರಿಗಿ ಬ್ಯಾಡ," ಎಂದ ಭೀಮಸಿ. "ಊರಾಗ ಅರ್ಧಾ ಮಂದಿಗಿ ಗೊತ್ತ ಇಲ್ಲ. ಸರ್ರಿಗಿ ಒಬ್ಬರಿಗಿ ಹೇಳು. ನಾ ಹೇಳಿದ್ರ ನಂಬೂದಿಲ್ಲ, ನೀ ಹೇಳಿದ್ರ ನಂಬತಾರ."

ಅಂದು ಮನೆಗೆ ಹೋದವನು ಸುಂದರಾಳಿಗೆ ಎಲ್ಲ ಹೇಳಿದ. ಹದಿಮೂರು ವರ್ಷದ್ದನ್ನೂ ಒಮ್ಮೆಗೇ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ, "ಇಷ್ಟಕ್ಕ? ಚೆಂಡ ಒದಿಯೂ ಆಟದ ಮಾತ ಇಷ್ಟ ವರ್ಷ ಹೊತ್ಕೊಂಡ ತಿರಗ್ತಾರೇನ್ರಿ? ನಾ ಏನರ ಭಾರಿ ಸುದ್ದಿ ಅಂತ ತಿಳದೆ" ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬಿಸಿ ರೊಟ್ಟಿ ತಟ್ಟೆಗೆ ಹಾಕಿ, ಮೇಲೆ ಬೆಣ್ಣೆ ಇಟ್ಟು ಕೊಟ್ಟಳು. ಭೀಮಸಿ ಉಂಡ. ಹೇಳುವ ಮೊದಲು ಇದ್ದದ್ದಕ್ಕಿಂತ ಹೇಳಿದ ಮೇಲೆ ಇನ್ನಷ್ಟು ಒಬ್ಬಂಟಿ ಅನ್ನಿಸಿತು. ಸರ್ ಒಬ್ಬರಿಗೆ ತಿಳಿಯುತ್ತದೆ, ಅವರಿಗೆ ಇದರ ತೂಕ ಗೊತ್ತು ಎಂದುಕೊಂಡು ಜನವರಿಗೆ ದಿನ ಎಣಿಸತೊಡಗಿದ.

ತೊಂಬತ್ತೇಳರ ಆ ಜನವರಿಯದ್ದೇ ಕೊನೆಯ ಹಳೇ ಕಾಲು ಹೊಸ ಕಾಲು. ಮೈದಾನದಲ್ಲಿ ಹೊಸ ಕೋಣೆಗಳು ಏಳುತ್ತವೆ, ಪಾಯದ ಗೆರೆ ಎಳೆದಾಗಿದೆ ಎಂದು ಮೊದಲೇ ಸುದ್ದಿಯಾಗಿತ್ತು. ಹಾಗೆ ನೋಡಿದರೆ ಹುಡುಗರಿಗೂ ಬೇಜಾರಿರಲಿಲ್ಲ. ಎಲ್ಲರ ಕೈಯಲ್ಲೂ ಕ್ರಿಕೆಟ್ ಬ್ಯಾಟು ಬಂದಿತ್ತು. ಹೊಳೆವ್ವ ತೀರಿಕೊಂಡಿದ್ದಳು, ರೆಫರಿಗೆ ಬೈಯುವವರೇ ಇಲ್ಲದೆ ಮೈದಾನ ಬಿಕೋ ಎನ್ನುತ್ತಿತ್ತು. ನೋಡಲು ಬಂದವರು ಐವತ್ತು ಜನ ಇದ್ದರೆ ಹೆಚ್ಚು. ಹಳೇ ಕಾಲುಗಳಲ್ಲಿ ಎಣಿಸಿದರೆ ಹತ್ತೇ ಜನ. ಅವರ ಕೀಪರ್ ಲಗಮಣ್ಣ ಮೀರಜಿಗೆ ಮದುವೆಗೆ ಹೋಗಿದ್ದ.

ಅಣ್ಣಾಸಾಬ ಗೋಡೆಯ ಹತ್ತಿರ ಬಂದು ಭೀಮಸಿಯ ಸೈಕಲ್ಲಿನ ಹ್ಯಾಂಡಲ್ ಹಿಡಿದ.

"ಬಾ. ಇವತ್ತ ನೀನ ನಿಲ್ಲಬೇಕು."

"ಹದಿಮೂರ ವರ್ಷ ಆತು ಚೆಂಡ ಮುಟ್ಟಿ."

"ನಂದೂ ಹೊಟ್ಟಿ ನೋಡು. ಬಾ ಸುಮ್ನ."

ಭೀಮಸಿ ಪ್ಯಾಂಟು ಮಡಚಿ, ಚಪ್ಪಲಿ ಬಿಟ್ಟು ಇಳಿದ. ಮೊದಲ ಅರ್ಧದಲ್ಲಿ ಎರಡು ಚೆಂಡು ಹಿಡಿದ, ಒಂದು ಬಿಟ್ಟ. ಬಿದ್ದಾಗ ಮೊಣಕೈ ತರಚಿ ರಕ್ತ ಬಂತು, ಅದೂ ಸುಖ ಅನ್ನಿಸಿತು. ಆಟದ ಮೇಲೆ ಪೂರ್ತಿ ಗಮನ ಇರಲಿಲ್ಲ. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ವಿರುಪಾಕ್ಷಪ್ಪ ಸರ್ ಕೂತಿದ್ದರು. ನಿವೃತ್ತಿಯಾಗಿ ಅಥಣಿಯಲ್ಲಿ ಮಗಳ ಮನೆಯಲ್ಲಿದ್ದರು, ಈ ಮ್ಯಾಚಿಗೆ ಮಾತ್ರ ಪ್ರತಿ ವರ್ಷ ಬರುತ್ತಿದ್ದರು. ಬಿಳಿ ಟೋಪಿ, ಬಿಳಿ ಮೀಸೆ. ಭೀಮಸಿ ಇಳಿದದ್ದನ್ನು ಅವರು ನೋಡಿದ್ದರು, ಒಮ್ಮೆ ಕೈಯನ್ನೂ ಎತ್ತಿದ್ದರು.

ಅರ್ಧ ಆಟಕ್ಕೆ ಸೀಟಿ ಊದಿದಾಗ ಎಲ್ಲರೂ ಕಬ್ಬಿನ ಹಾಲು ಕುಡಿಯಲು ಗಾಡಿಯ ಹತ್ತಿರ ಹೋದರು. ಅಣ್ಣಾಸಾಬ ಭೀಮಸಿಯ ರಟ್ಟೆ ಹಿಡಿದು ಸರ್ ಹತ್ತಿರ ಕರೆತಂದ. ಇಬ್ಬರೂ ಕಾಲು ಮುಟ್ಟಿದರು. ಭೀಮಸಿ ಆ ಕಾಲು ಮುಟ್ಟಿದ್ದು ಹದಿಮೂರು ವರ್ಷದ ಮೇಲೆ.

"ಸರ, ನಿಮಗೊಂದ ಮಾತ ಹೇಳಬೇಕ್ರಿ" ಎಂದ ಅಣ್ಣಾಸಾಬ. "ಎಂಬತ್ತಮೂರರಾಗ ಚಿಕ್ಕೋಡಿ ಫೈನಲ್‌ದಾಗ ನಾ ನಿಲ್ಲ ಅಂದಿದ್ದಿಲ್ರಿ. ಗಾಬರ್ಯಾಗಿ ಮರಾಠಿಯೊಳಗ ಥಾಂಬ ಅಂದಿದ್ದೆ.  ಭೀಮಸಿಗಿ ಅದು ಕಂಬ ಅಂತ ಕೇಳೇತಿ. ಅಂವ ಹೆದರಿ ಓಡಿಲ್ರಿ. ನೀವು ಕಲಿಸಿದ್ದನ್ನ ಮಾಡ್ಯಾನ. ತಪ್ಪು ನಂದು."

ಭೀಮಸಿ ಸರ್ ಮುಖ ನೋಡುತ್ತಿದ್ದ. ಆ ಮುಖದಲ್ಲಿ ಏನೋ ಒಂದು ಕರಗುತ್ತದೆ, 'ಹೌದೇನೊ?' ಎಂದು ಹುಬ್ಬು ಏರುತ್ತದೆ, ಕೈ ತನ್ನ ಹೆಗಲ ಮೇಲೆ ಬರುತ್ತದೆ; ಕಂಬದ ಮೇಲೆ ಕೂತು ಎಷ್ಟು ಸಲ ಇದನ್ನು ನೋಡಿಕೊಂಡಿದ್ದನೋ ಲೆಕ್ಕವಿಲ್ಲ.

ಸರ್ ಟೋಪಿ ತೆಗೆದು ತಲೆ ಒರೆಸಿಕೊಂಡರು.

"ಗೊತ್ತೈತಿ" ಎಂದರು.

"ಯಾರ ಹೇಳಿದ್ರಿ? ನಮಗ ಗೊತ್ತಾಗಿದ್ದ ಹೋದ ತಿಂಗಳ" ಎಂದ ಅಣ್ಣಾಸಾಬ.

"ಯಾರ್ಯಾಕ ಹೇಳಬೇಕು? ಆವತ್ತ ನಾ ಗೋಲಿನ ಹಿಂದ ನಿಂತಿದ್ನೆಲ್ಲೊ. ನಾ ಕೊಲ್ಲಾಪುರದಾಗ ಆಡಿದಾಂವ. ಥಾಂಬ ಅಂದದ್ದ ನನಗ ಖುಲ್ಲಾ ಕೇಳಿತ್ತು."

ಭೀಮಸಿಯೇ ಕೇಳಿದ. ತನ್ನ ದನಿ ತನಗೇ ಬೇರೆಯವರದು ಅನ್ನಿಸಿತು.

"ಮತ್ತ ಆವತ್ತ ಯಾಕ ಹೇಳ್ಲಿಲ್ರಿ ಸರ?"

"ಮುಂದಿನ ವಾರ ಇವಂದು ಜಿಲ್ಲಾ ಟೀಮಿನ ಆಯ್ಕಿ ಇತ್ತು," ಎಂದರು ಸರ್. ನೆನಪು ಮಾಡಿಕೊಂಡು, ಸಮಾಧಾನವಾಗಿ, ಹೊಲದ ಸುದ್ದಿ ಹೇಳುವ ಹಾಗೆ ಹೇಳಿದರು. "ನಮ್ಮ ಊರಿಂದ ಜಿಲ್ಲಾಕ್ಕ ಹೋಗೂ ಮೊದಲನೇ ಹುಡುಗ. ಸೋಲು ಇವನಿಂದ ಆತು ಅಂತ ಮಂದಿ ಅಂದಿದ್ರ ಮನಸ ಮುರೀತಿತ್ತು, ಆಡ್ತಿರಲಿಲ್ಲ. ಯಾರರ ಒಬ್ಬರ ಮ್ಯಾಲ ಹೋಗಬೇಕಿತ್ತು. ನೀ ಗಟ್ಟಿ ಹುಡುಗ. ತಡಕೋತಿ ಅಂತ ಬಿಟ್ಟೆ. ಹುಡುಗೂರ ಮಾತು, ನಾಕ ದಿನದಾಗ ಮರೀತಾರ ಅಂದ್ಕೊಂಡೆ." ಆಮೇಲೆ ಭೀಮಸಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಾವು ಮಾಡಿದ ಕೆಲಸ ಸರಿಬಂತು ಎನ್ನುವ ಖುಷಿಯಿಂದ, "ತಡಕೊಂಡ್ಯಲ್ಲ ಮತ್ತ? ನೌಕರಿ ಮಾಡಿದಿ, ಸಂಸಾರ ಮಾಡಿದಿ" ಎಂದರು.

ಭೀಮಸಿ "ಹೌದ್ರಿ" ಎಂದ.

ಇಷ್ಟು ದಿನ ಅವನು ಒಂದನ್ನು ನಂಬಿದ್ದ: ನನಗೆ ನಡೆದದ್ದು ನನಗೊಬ್ಬನಿಗೇ ಗೊತ್ತು, ಸರ್ ಅವರಿಗೆ ತಿಳಿದಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ. ಈಗ ನೋಡಿದರೆ ಮೊದಲ ದಿನದಿಂದಲೇ ಗೊತ್ತಿದ್ದವರು ಒಬ್ಬರಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದಾಗ ಗೊತ್ತಿತ್ತು. ಊರು ಹೆಸರಿಟ್ಟಾಗ ಗೊತ್ತಿತ್ತು. ಪ್ರತಿ ಜನವರಿ ಇಪ್ಪತ್ತಾರಕ್ಕೆ ಗೋಡೆಯ ಹತ್ತಿರ ಒಬ್ಬನೇ ನಿಂತದ್ದು ಕಾಣುತ್ತಿತ್ತು, ಆಗಲೂ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡು ಒಬ್ಬಂಟಿಯಾಗಿದ್ದದ್ದೇ ಇದಕ್ಕಿಂತ ವಾಸಿಯಿತ್ತು. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತುಂಬ ದಣಿವು ಮಾತ್ರ ಬಂತು.

ಸೀಟಿ ಕೇಳಿತು. ಭೀಮಸಿ ಗೋಲಿನ ಕಡೆ ನಡೆದ. ಅಣ್ಣಾಸಾಬ ಹಿಂದೆಯೇ ಓಡಿ ಬಂದ.

"ನನಗ ಖರೇನ ಗೊತ್ತಿರಲಿಲ್ಲೊ ಭೀಮ್ಯಾ. ನಮ್ಮವ್ವನ ಆಣಿ."

"ನಿಂದೇನೂ ಇಲ್ಲ ಬಿಡು."

"ಈ ಸಲ ಬರೋಬ್ಬರಿ ಒದರತೀನಿ. ಬರೇ ಕನ್ನಡದಾಗ."

"ಬ್ಯಾಡ," ಎಂದ ಭೀಮಸಿ. "ಏನೂ ಒದರಬ್ಯಾಡ. ಯಾವ ಭಾಷಾದಾಗೂ ಬ್ಯಾಡ."

ಅಣ್ಣಾಸಾಬ ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋದ. ಆಟ ಆ ಕಡೆಯ ಗೋಲಿನ ಹತ್ತಿರ ನಡೆಯುತ್ತಿತ್ತು. ಮಧ್ಯಾಹ್ನದ ಬಿಸಿಲು ಬಲಿತಿತ್ತು. ಬೆನ್ನ ಹಿಂದೆ ಒಣಹುಲ್ಲಿನ ಮೇಲೆ ಯಾರೋ ನಿಧಾನವಾಗಿ ನಡೆದು ಬಂದ ಸದ್ದಾಯಿತು. ತಿರುಗದೆಯೇ ಯಾರೆಂದು ಗೊತ್ತಾಯಿತು.

"ಭೀಮಸಿ," ಎಂದರು ಸರ್. ದನಿ ಈಗ ಮೊದಲಿನ ಹಾಗಿರಲಿಲ್ಲ. "ಸಿಟ್ಟಾದ್ಯೇನೊ ನನ್ನ ಮ್ಯಾಲ?"

ಭೀಮಸಿ ಚೆಂಡಿನ ಮೇಲಿನ ಕಣ್ಣು ತೆಗೆಯಲಿಲ್ಲ.

"ಬಿಸಲೈತ್ರಿ ಸರ," ಎಂದ. "ಹೋಗಿ ಕುಂದರ್ರಿ."

ಸರ್ ಬಹಳ ಹೊತ್ತು ಅಲ್ಲೇ ನಿಂತಿದ್ದರು. ಏನಾದರೂ ಇನ್ನೊಂದು ಮಾತು ಬರುತ್ತದೋ ಎಂದು ಕಾದರೇನೋ. ಆಮೇಲೆ ಒಣಹುಲ್ಲಿನ ಸದ್ದು ಮೆಲ್ಲಗೆ ದೂರವಾಯಿತು. ಚೆಂಡು ಇನ್ನೂ ಆ ಕಡೆಯೇ ಇತ್ತು, ಈ ಕಡೆ ಭೀಮಸಿ ಒಬ್ಬನೇ ಇದ್ದ. ಹದಿಮೂರು ವರ್ಷದಲ್ಲಿ ಮೊದಲ ಸಲ ಅವನು ಯಾರ ಮಾತಿಗೂ ಕಾಯುತ್ತಿರಲಿಲ್ಲ.